ಕತ್ತರಿ ಹಾಕದ ಕ್ರಾಫ್ಟ್ ಮೇಡಂ

ಹೋದ ತಿಂಗಳು ನಮ್ಮ ಹಳೇ ಸ್ಕೂಲಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ರಿಟೈರ್ ಆಗಿ ಮನೆಯಲ್ಲಿರುವ ನನ್ನನ್ನೂ ಕರೆದಿದ್ದರು, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮೇಜಿನ ಮೇಲೆ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಹೆಡ್‌ಮಾಸ್ಟರು ಮೈಕ್ ಹಿಡಿದು, "ಮೇಡಂ ಅವರು ಕಲೆಯ ಭಂಡಾರವಾಗಿದ್ದರು" ಅಂದರು. ಎಲ್ಲರೂ ತಲೆ ಆಡಿಸಿದರು. ಭಂಡಾರ ಏನೋ ಹೌದು ಸ್ವಾಮಿ, ಬೀಗ ಜಡಿದ ಭಂಡಾರ! ಹಾಗಂತ ಗೊಣಗಿದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತೇನೋ, ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ನನ್ನ ಮೊಣಕೈ ಒತ್ತಿ, "ಸುಮ್ನಿರಿ ಮೇಡಂ, ಹೋದವರು ಹೋದರು" ಅಂದರು. ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರುವುದಿಲ್ಲ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಅಣ್ಣನ ಮಗ ಒಬ್ಬನಿದ್ದಾನೆ, ಒಳ್ಳೆ ಹುಡುಗ, ಅವನನ್ನು ಯಾಕೆ ನೋಯಿಸಲಿ? ಅಲ್ಲದೆ ಸ್ಕೂಲಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಜವಾನನಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಅವರು ಕ್ರಾಫ್ಟ್ ಮೇಡಂ.

ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಒಂಟಿ ಹೆಂಗಸು. ತೆಳ್ಳಗೆ, ಎತ್ತರಕ್ಕೆ, ಗಂಜಿ ಹಾಕಿದ ಕಾಟನ್ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಕಾರಿಡಾರಿನಲ್ಲಿ ಅವರಿಗಿಂತ ಮೊದಲು ಆ ಗೊಂಚಲಿನ ಸದ್ದು ಬರುತ್ತಿತ್ತು. ಕಣ್ಣಿಗೆ ಬಿದ್ದ ಯಾವುದೇ ಬಟ್ಟೆ, ದಾರ, ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡುವುದು ಅವರ ಅಭ್ಯಾಸ. ಉಜ್ಜುವಾಗ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ಸೀರೆ ಉಟ್ಟು ಬಂದರೆ ಸೆರಗಿಗೆ ಅವರ ಬೆರಳು ಬಿತ್ತು ಅಂತಲೇ ಲೆಕ್ಕ. "ಒಳ್ಳೆ ಮಾಲು ಕಣ್ರೀ. ಹರಿದರೆ ಬಿಸಾಕಬೇಡಿ, ನನಗೆ ಕೊಡಿ" ಅನ್ನುವರು. ಕೊಟ್ಟದ್ದೆಲ್ಲ ಒಳಗೆ ಹೋಗುತ್ತಿತ್ತು. ಹೊರಗೆ ಬಂದದ್ದನ್ನು ಯಾರೂ ಕಾಣೆವು.

"ಮೇಡಂ, ಆ ತುಂಡುಗಳಲ್ಲಿ ಏನಾದರೂ ಮಾಡಿದ್ರಾ?" ಅಂತ ಕೇಳಿದರೆ ಒಂದೇ ಉತ್ತರ: "ಅದಕ್ಕೆ ಇನ್ನೂ ಯೋಗ ಬಂದಿಲ್ಲ ಕಣ್ರೀ."

ಬಟ್ಟೆಗೂ ಯೋಗವಂತೆ! ಥೂ, ಇದ್ಯಾವ ಜಾತಕ?

ಅವರ ಕ್ಲಾಸು ನಡೆಯುತ್ತಿದ್ದದ್ದು ಮೂಲೆ ಕೋಣೆಯಲ್ಲಿ. ಅಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು. ಇಲಾಖೆಯಿಂದ ಬಂದ ಬಣ್ಣದ ಕಾಗದ, ಬ್ರಷ್ಷು, ಕಸೂತಿ ದಾರ, ಬಣ್ಣದ ಟ್ಯೂಬು, ದಾನಿಗಳು ಕೊಟ್ಟ ಮಣಿ, ಚಮ್ಕಿ, ವೆಲ್ವೆಟ್ಟು, ಎಲ್ಲಾ ಅದರೊಳಗೆ. ಮಕ್ಕಳ ಕೈಯಲ್ಲಿ ಮಾತ್ರ ಹಳೇ ನ್ಯೂಸ್ ಪೇಪರು. ಕ್ರಾಫ್ಟ್ ಪೀರಿಯಡ್ ಮುಗಿಸಿ ನನ್ನ ಕನ್ನಡ ಪೀರಿಯಡ್ಡಿಗೆ ಬರುವ ಹುಡುಗಿಯರ ಬೆರಳೆಲ್ಲ ಮಸಿ ಮಸಿ. ಪೇಪರಿನ ದೋಣಿ, ಪೇಪರಿನ ಟೋಪಿ, ಪೇಪರಿನ ಹೂವು. ಒಮ್ಮೆ ಒಬ್ಬಳು ಧೈರ್ಯ ಮಾಡಿ, "ಮಿಸ್, ಬೀರು ಒಳಗಿರೋ ಕಲರ್ ಪೇಪರ್ ಕೊಡಿ ಮಿಸ್" ಅಂದಳಂತೆ.

"ಮೊದಲು ಇದರಲ್ಲಿ ಕೈ ಕೂರಲಿ. ಆಮೇಲೆ ಕೊಡ್ತೀನಿ. ಒಳ್ಳೆ ಪೇಪರ್ ಹಾಳಾಗಬಾರದು."

ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ, ಟೀಸಿ ತಗೊಂಡು, ಮದುವೆಯಾಗಿ ಗಂಡನ ಮನೆಗೆ ಹೋದಳು. ಅವಳ ಕೈ ಕೂರಲೇ ಇಲ್ಲ ಅಂತ ಕಾಣುತ್ತೆ.

ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬಂದ ದಿನ ಮಾತ್ರ ಬೀರುಗಳ ಬಾಗಿಲು ತೆರೆಯುತ್ತಿತ್ತು. ಒಳಗೆ ಬಣ್ಣ ಬಣ್ಣದ ಸಾಲು, ಮದುವೆ ಮನೆ ಥರ. ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಎಷ್ಟು ಅಚ್ಚುಕಟ್ಟಾಗಿ ಕಾಪಾಡಿದ್ದೀರಿ!" ಅನ್ನುವರು. ಮೇಡಂ ಸೆರಗು ಹೊದ್ದು ನಾಚಿಕೊಳ್ಳುವರು. ಬೇರೆ ಸ್ಕೂಲುಗಳಲ್ಲಿ ಸಾಮಾನೆಲ್ಲ ಖಾಲಿಯಾಗಿರುತ್ತಿತ್ತು, ಯಾಕೆಂದರೆ ಅಲ್ಲಿನ ಮಕ್ಕಳು ಬಳಸಿರುತ್ತಿದ್ದರು. ನಮ್ಮಲ್ಲಿ ತುಂಬಿರುತ್ತಿತ್ತು, ಅದಕ್ಕೆ ನಮಗೆ ಶಭಾಷ್‌ಗಿರಿ. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಒಂದು ಮಳೆಗಾಲ ಬೀರಿನ ತಳದಿಂದ ಗೆದ್ದಲು ಹತ್ತಿ ಕಾಗದವನ್ನೆಲ್ಲ ತಿಂದುಹಾಕಿತು. ಮೇಡಂ ಕೂತು ಅತ್ತರು. ನಿಜವಾಗಿಯೂ ಮೂಗು ಸೊರ ಸೊರ ಅನ್ನಿಸಿಕೊಂಡು ಅತ್ತರು. ನಾನು ಮುಖಕ್ಕೆ ಹೊಡೆದ ಹಾಗೆ, "ಹೋಗ್ಲಿ ಬಿಡಿ ಮೇಡಂ, ಗೆದ್ದಲಾದರೂ ಬಳಸ್ತಲ್ಲ" ಅಂದೆ. ಆಮೇಲೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಬಿಟ್ಟರೆ ಬಿಡಲಿ.

ಇವರಿಗೆ ಕೆಲಸ ಬರುತ್ತಿರಲಿಲ್ಲ ಅಂತ ಮಾತ್ರ ತಿಳಿಯಬೇಡಿ. ಬರದೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಒಂದು ಸ್ಕೂಲ್ ಡೇ ದಿನ, ಇನ್ನೇನು ಸ್ಟೇಜಿಗೆ ಹೋಗಬೇಕು, ಡ್ಯಾನ್ಸ್ ಹುಡುಗಿಯೊಬ್ಬಳ ಲಂಗ ಬಾಗಿಲ ಚಿಲಕಕ್ಕೆ ಸಿಕ್ಕಿ ಪರ್ರ್ ಅಂತ ಹರಿಯಿತು. ಹುಡುಗಿ ಹೋ ಅಂತ ಅಳು. ಮೇಡಂ ಯಾರದೋ ಸೂಜಿ ಇಸಕೊಂಡು, ನೆಲದ ಮೇಲೆ ಮೊಣಕಾಲೂರಿ ಕೂತು, ಒಳಗಡೆಯಿಂದ ಹೊಲಿದರು. ಒಂದು ಹಾಡು ಮುಗಿಯುವುದರೊಳಗೆ ಎದ್ದರು. ಹರಿದ ಜಾಗ ಎಲ್ಲಿ ಅಂತ ನಾನು ಲಂಗ ಹಿಡಿದು ಹುಡುಕಿದೆ, ಸಿಗಲಿಲ್ಲ. ಅಂಥ ಕೈ! ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದ್ದರು. ಬ್ಯಾಗಿನಲ್ಲಿ ಕತ್ತರಿ ಇತ್ತು, ಹೊಚ್ಚ ಹೊಸದು, ಚೀಲದೊಳಗೆ. "ಬಾಯಿ ಮೊಂಡಾಗುತ್ತೆ ಕಣ್ರೀ" ಅಂದರು. ಕತ್ತರಿಯ ಬಾಯಿ. ದೇವರು ಇಂಥ ಕೈಯನ್ನು ಇಂಥವರಿಗೆ ಯಾಕೆ ಕೊಡುತ್ತಾನೋ, ಅವನನ್ನೇ ಕೇಳಬೇಕು.

ಸ್ಟಾಫ್ ಎಲ್ಲಾ ಸೇರಿ ಒಮ್ಮೆ ಟೆಂಪೋ ಮಾಡಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೋಗಿದ್ದೆವು. ಕೌದಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದರೆ, ಮೇಡಂ ಅಂಗಡಿ ಸಾಲಿಗೆ ಹೋಗಿ ಮಾಯ. ಹುಡುಕಿಸಿ ಕರೆತಂದಾಗ ಕೈಯಲ್ಲಿ ಕುಚ್ಚು, ಗೊಂಡೆ, ಎತ್ತಿನ ಕೊರಳಿಗೆ ಕಟ್ಟುವ ಹುರಿ. ಬೆಟ್ಟದಲ್ಲಿ ದರ್ಶನ ಮುಗಿಸಿ ಇಳಿದರೆ ಮಣಿ ಸರದ ಅಂಗಡಿಗಳು. ಅಲ್ಲಿಂದ ಅವರನ್ನು ಎಳೆದುಕೊಂಡು ಬರುವಷ್ಟರಲ್ಲಿ ಸಾಕು ಸಾಕಾಯಿತು. ದಾರಿಯ ಪಕ್ಕ ಒಬ್ಬ ಸೋಲಿಗರ ಯಜಮಾನ ಕೂತು ಲಾಂಟಾನ ಕಡ್ಡಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಮೇಡಂ ಬುಟ್ಟಿ ಬೇಡ, ಬರೀ ಕಡ್ಡಿ ಕೊಡಿ ಅಂದರು.

"ಬರೀ ಕಡ್ಡಿ ತಕಂಡು ಏನ್ ಮಾಡೀರವ್ವ?"

"ನಾನೇ ಹೆಣೀತೀನಿ. ನಾನು ಕ್ರಾಫ್ಟ್ ಟೀಚರ್."

ಯಜಮಾನನಿಗೆ ಖುಷಿಯಾಯಿತು. ಪಕ್ಕದಲ್ಲಿದ್ದ ಗೋಣಿ ತಟ್ಟು ಹಾಸಿದ. "ಅಂಗಾರೆ ಕೂತ್ಕಳಿ ತಾಯಿ, ಬುಡ ಕಟ್ಟೋದ್ ಒಂದ್ ತೋರುಸ್ಕೊಟ್ಬುಡ್ತೀನಿ. ಅದ್ ಬಂದ್ರೆ ಮಿಕ್ಕುದ್ದು ತಾನಾಗೆ ಬತ್ತದೆ."

ಮೇಡಂ ಗೋಣಿ ತಟ್ಟನ್ನು ನೋಡಿದರು, ತಮ್ಮ ಸೀರೆಯನ್ನು ನೋಡಿದರು. "ಇನ್ನೊಂದು ಸಲ ಬರ್ತೀನಿ" ಅಂದು ಕಡ್ಡಿಯ ಕಟ್ಟನ್ನು ಮಾತ್ರ ಎತ್ತಿಕೊಂಡರು. ಆ ಕಟ್ಟು ಅವರ ಮನೆಯ ಅಟ್ಟ ಸೇರಿತು. ಕೆಲವು ವರ್ಷಗಳಾದ ಮೇಲೆ ಅದಕ್ಕೆ ಹುಳ ಬಿದ್ದು ಹಿಟ್ಟು ಉದುರುತ್ತಿದೆ ಅಂತ ಅವರೇ ಹೇಳಿದರು. ಅದನ್ನೂ ಬಿಸಾಕಲಿಲ್ಲವಂತೆ.

ಮೊಬೈಲು ಬಂದ ಮೇಲಂತೂ ಕೇಳಲೇಬೇಡಿ. ದಿನಾ ಪಾರ್ಸಲ್ಲು. ಊಟದ ಬಿಡುವಿನಲ್ಲಿ ಯಾರೋ ದೂರದ ಹೆಂಗಸು ಕ್ರೋಶಾ ಹೆಣೆಯುವ ವಿಡಿಯೋ ನೋಡುತ್ತಾ, ಮೊಸರನ್ನ ಕಲಸಿದ ಕೈಯಲ್ಲೇ ಆರ್ಡರ್ ಒತ್ತುತ್ತಿದ್ದರು. ಬಂದ ಡಬ್ಬವನ್ನು ಬಿಚ್ಚುತ್ತಲೂ ಇರಲಿಲ್ಲ. ಅಲುಗಾಡಿಸಿ, ಒಳಗಿನ ಸದ್ದು ಕೇಳಿ, ತೃಪ್ತಿಯಿಂದ ಬ್ಯಾಗಿಗೆ ಇಳಿಸುವರು. ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ, ಏನೋ ಒಂದು ಹುಚ್ಚು ಅಂತ ನಕ್ಕು ಮರೆಯುತ್ತಿದ್ದೆ. ನಮ್ಮವ್ವನ ಬಟ್ಟೆಗೆ ಅವರ ಕೈ ತಾಗಿತಲ್ಲ, ಅದನ್ನು ಹೇಳಬೇಕು.

ನಮ್ಮವ್ವ ಕೂಲಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದು ನಮ್ಮನ್ನು ಸಾಕಿದವಳು. ನಾನು ಹುಟ್ಟುವ ಮೊದಲೇ ಮಗ್ಗಕ್ಕೆ ಕೂತವಳು, ನನಗೆ ನೌಕರಿ ಸಿಕ್ಕ ಮೇಲೂ ಎದ್ದಿರಲಿಲ್ಲ. ನೂಲು ಸಾಹುಕಾರರದು, ಸೀರೆಯೂ ಸಾಹುಕಾರರದು. ಊರೂರಿನ ಮದುವಣಗಿತ್ತಿಯರು ನಮ್ಮವ್ವ ನೇಯ್ದದ್ದನ್ನು ಉಟ್ಟು ಧಾರೆಗೆ ನಿಂತರು. ನನ್ನ ಮದುವೆಗೆ ನಾನು ಉಟ್ಟದ್ದು ಸಂತೆಯಲ್ಲಿ ಸಿಗುವ ನೈಲೆಕ್ಸ್ ಸೀರೆ. ಅವ್ವ ನೇಯ್ದ ರೇಷ್ಮೆ ಅಂತ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಒಂದು ಮೊಳ. ಕೊನೆಯ ಸೀರೆ ಕೊಯ್ದು ಕೊಟ್ಟ ಮೇಲೆ ಮಗ್ಗದಲ್ಲಿ ಉಳಿದಿದ್ದ ತುದಿ ಎಳೆಗಳನ್ನು ಹಾಳು ಮಾಡದೆ ಒಂದು ಮೊಳ ನೇಯ್ದುಕೊಂಡಿದ್ದಳು. ಸಾಹುಕಾರರೇ, "ತಕೊ, ನಿನ್ ಕೈ ಗುರುತಿಗೆ ಇರ್ಲಿ" ಅಂದಿದ್ದರಂತೆ. ಗಿಳಿ ಹಸುರು, ಅಂಚಿಗೆ ಸಣ್ಣ ಜರಿ.

ಹನೂರಿಗೆ ಕೊಟ್ಟಿದ್ದ ನನ್ನ ಮಗಳು ಬಸುರಾದಾಗ ಅವ್ವ ಪೆಟ್ಟಿಗೆಯಿಂದ ಅದನ್ನು ತೆಗೆದಳು. ಮಗುವಿಗೆ ತಾಯಿ ಮನೆಯಿಂದ ಕುಲಾವಿ ಹಾಕುವುದು ನಮ್ಮ ಮನೆಯ ರೂಢಿ. ನಾಮಕರಣದ ದಿನ ಮನೆಯ ಹಿರಿ ಹೆಂಗಸು ತನ್ನ ಕೈಯಾರೆ ಮಗುವಿನ ತಲೆಗೆ ಆ ಟೋಪಿ ಇಟ್ಟು, ಗದ್ದದ ಕೆಳಗೆ ದಾರ ಕಟ್ಟಬೇಕು. "ನಾ ನೇದದ್ದು ನಮ್ಮನೇರ ಮೈ ಮ್ಯಾಲೆ ಒಂದ್ ದಿನನಾರ ನೋಡ್ಬೇಕು ಕಣವ್ವ" ಅಂದಳು. ಜೀವನದಲ್ಲಿ ಅವಳು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಅಷ್ಟೊತ್ತಿಗೆ ಅವಳ ಕಣ್ಣಿಗೆ ಪೊರೆ, ಕೈ ನಡುಕ.

ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಅಂತ ಟೀಚರುಗಳನ್ನೆಲ್ಲ ಕರೆದಿದ್ದೆ. ಅವ್ವನ ಮಡಿಲಲ್ಲಿದ್ದ ಆ ತುಂಡನ್ನು ಕ್ರಾಫ್ಟ್ ಮೇಡಂ ಕಂಡರು. ಹೆಬ್ಬೆರಳು, ತೋರುಬೆರಳು. ಕಣ್ಣು ಅರ್ಧ ಮುಚ್ಚಿತು.

"ಅಮ್ಮಾ, ಇದನ್ನ ನನಗೆ ಕೊಡಿ. ಎಂಥ ಕುಲಾವಿ ಹೊಲಿದು ತರ್ತೀನಿ ನೋಡಿ."

ನಾನು ಅವ್ವನಿಗೆ ಕಣ್ಣು ಸನ್ನೆ ಮಾಡಿದೆ. ಆಮೇಲೆ ಅಡುಗೆ ಮನೆಗೆ ಕರೆದು, "ಬೇಡ ಕಣವ್ವ, ಅವರ ಕೈಗೆ ಹೋದದ್ದು ವಾಪಸ್ ಬರಲ್ಲ, ಟೈಲರಿಗೆ ಕೊಡೋಣ" ಅಂದೆ. ಅವ್ವ ನನ್ನ ಮೇಲೇ ರೇಗಿದಳು: "ಮಕ್ಳಿಗೆ ಯೋಳ್ಕೊಡೋ ಟೀಚರಮ್ಮ, ಬಾಯ್ಬುಟ್ಟು ಕೇಳ್ತಾವ್ಳೆ. ಇಲ್ಲ ಅನ್ನಕಾದದ?" ಕೊಟ್ಟೇಬಿಟ್ಟಳು.

ಗಂಡು ಮಗು ಹುಟ್ಟಿತು. ನಾಮಕರಣ ಬಂತು. ಕುಲಾವಿ ಬರಲಿಲ್ಲ. ಒಳಗೆ ಹಾಕುವ ಸ್ಯಾಟಿನ್ನಿನ ಬಣ್ಣ ಸರಿಹೊಂದಲಿಲ್ಲವಂತೆ, ಮೈಸೂರಿಗೆ ಹೇಳಿದ್ದಾರಂತೆ. ಅಂಗಡಿಯಿಂದ ಒಂದು ಟೋಪಿ ತಂದು ಶಾಸ್ತ್ರ ಮುಗಿಸಿದೆವು. ಅವ್ವ ಅದನ್ನು ಮುಟ್ಟಲಿಲ್ಲ, ನಮ್ಮ ಬೀಗಿತ್ತಿಯ ಕೈಯಲ್ಲಿ ಕಟ್ಟಿಸಿದಳು. "ನಂದು ಬರ್ಲಿ, ಅದ ನಾ ಕಟ್ತೀನಿ" ಅಂದಳು.

ಮಗುವಿನ ತಲೆ ಯಾರಿಗೂ ಕಾಯುವುದಿಲ್ಲ. ಬಾಣಂತಿ ನಮ್ಮ ಮನೆಯಲ್ಲೇ ಇದ್ದಳು. ಅವ್ವ ಮಗುವಿನ ತಲೆಯ ಸುತ್ತ ದಾರ ಹಿಡಿದು, ಅಳತೆಗೆ ಗಂಟು ಹಾಕಿ, "ಟೀಚರಮ್ಮಂಗೆ ಕೊಡು" ಅಂತ ನನ್ನ ಕೈಗೆ ಕೊಡುವಳು. ಕೆಲವು ವಾರ ಬಿಟ್ಟು ಮತ್ತೊಂದು ದಾರ, ಸ್ವಲ್ಪ ಉದ್ದ. ಮಗಳು ಹನೂರಿಗೆ ಹೋದ ಮೇಲೂ ಬಂದಾಗಲೆಲ್ಲ ದಾರ. ಮೇಡಂ ಅದನ್ನು ಬೆರಳಿಗೆ ಸುತ್ತಿಕೊಂಡು, "ಒಳ್ಳೇದಾಯ್ತು ಕೊಟ್ಟಿದ್ದು, ಹಳೇ ಅಳತೆಗೆ ಕತ್ತರಿಸಿದ್ದರೆ ಎಡವಟ್ಟಾಗ್ತಿತ್ತು" ಅನ್ನುವರು. ಅಲ್ಲ, ಎಂಥ ನಾಲಿಗೆ! ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದೆ. ಬಟ್ಟೆ ವಾಪಸ್ ಕೊಡಿ ಅಂದೆ. "ಯಳಂದೂರಲ್ಲಿದೆ ಕಣ್ರೀ, ನಾಳೆ ತರ್ತೀನಿ." ನಾಳೆ ಕೇಳಿದರೂ ಅದೇ ಮಾತು.

ಮಗು ತೆವಳುತ್ತಿತ್ತು. ಅವ್ವ ಒಂದು ಬೆಳಿಗ್ಗೆ ತಲೆ ಬಾಚಿಕೊಂಡು, ಕೋಲು ಹಿಡಿದು ನಿಂತಳು. "ನಡಿ, ಯಳಂದೂರ್ಗೆ ಓಗಂವ. ನನ್ ಬಟ್ಟೆ ನಾ ಇಸ್ಕಬತ್ತೀನಿ."

ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲು ತೆಗೆದರೆ ನುಸಿ ಗುಳಿಗೆಯ ಘಾಟು, ಅದರ ಅಡಿಯಲ್ಲಿ ಇಲಿ ಪಿಕ್ಕೆಯ ನಾತ. ನಡುಮನೆಯಲ್ಲಿ ಗಂಟು, ಗಂಟಿನ ಮೇಲೆ ಡಬ್ಬ, ಡಬ್ಬದ ಮೇಲೆ ಕವರು. ಮಂಚದ ಮೇಲೆ ಬಟ್ಟೆ ಮೂಟೆಗಳು ಮಲಗಿದ್ದವು. ಮೇಡಂ ಮಲಗುತ್ತಿದ್ದದ್ದು ಗೋಡೆ ಪಕ್ಕ ಚಾಪೆಯಷ್ಟಗಲದ ಸಂದಿಯಲ್ಲಿ. ಅಡುಗೆ ಮನೆಯಲ್ಲಿ ಬೇಳೆ ಡಬ್ಬದ ತುಂಬ ಗುಂಡಿಗಳು, ಸಕ್ಕರೆ ಡಬ್ಬದ ತುಂಬ ಮಣಿ. ಒಂದು ಮೂಟೆ ಸರಿಸಿ ಅವ್ವನನ್ನು ಕೂರಿಸಿದರು. ಕಾಫಿ ಕೊಟ್ಟರು. ನನ್ನ ಲೋಟದಲ್ಲಿ ಒಂದು ಚಮ್ಕಿ ತೇಲುತ್ತಿತ್ತು. ಕುಡಿಯದೆ ಕೆಳಗಿಟ್ಟೆ.

"ಬಟ್ಟೆ ಕೊಡು ತಾಯಿ" ಅಂದಳು ಅವ್ವ. "ನೀ ಒಲೀದಿದ್ರೂ ಸೈ. ನಾನೇ ಎಂಗೋ ಒಲ್ಕತೀನಿ."

ಮೇಡಂ ಹುಡುಕುವ ನಾಟಕವನ್ನೇನೂ ಮಾಡಲಿಲ್ಲ. ಎಲ್ಲಿದೆ ಅಂತ ಸರಿಯಾಗಿ ಗೊತ್ತಿತ್ತು. ಒಂದು ಬಿಸ್ಕತ್ತಿನ ಡಬ್ಬ ತಂದು, ಮಲ್ಲಿನ ಬಟ್ಟೆ ಬಿಡಿಸಿ ತೋರಿಸಿದರು. ಗಿಳಿ ಹಸುರು, ಹಾಗೇ ಇತ್ತು. ಅವ್ವ ಕೈ ಚಾಚಿದಳು. ಮೇಡಂ ಡಬ್ಬವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಹೋದರು.

"ಬೇಡ ಅಮ್ಮಾ. ನಿಮ್ಮ ಕೈ ನಡುಗುತ್ತೆ. ಹಾಳಾಗಿಬಿಡುತ್ತೆ."

ನೇಯ್ದವಳಿಗೆ ಹೇಳಿದ ಮಾತು ಇದು! ನನ್ನ ಪಿತ್ತ ನೆತ್ತಿಗೇರಿತು. ಅವ್ವ ಮಾತ್ರ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಮೆತ್ತಗೆ, "ಆಳಾದ್ರೆ ಆಗ್ಲಿ ಕಣವ್ವ. ನಾ ನೇದದ್ದು. ನನ್ ಕೈಲೇ ಆಳಾಗ್ಲಿ" ಅಂದಳು.

ನಾನು ಡಬ್ಬ ಕಿತ್ತುಕೊಳ್ಳಲು ಎದ್ದೆ. ಆಗ ಮೇಡಂ ಹೆದರಿ, ಅಳು ಬಾಯಲ್ಲಿ ಅಂದರು: "ಮಾದಪ್ಪನಾಣೆ ಅಮ್ಮಾ! ಇದೇ ವಾರ ಕತ್ತರಿ ಹಾಕ್ತೀನಿ. ಮಾದಪ್ಪನಾಣೆಗೂ ಹೊಲಿದು ತಂದುಕೊಡ್ತೀನಿ."

ಮುಗಿಯಿತು. ಅವ್ವ ತಟ್ಟನೆ ಎದ್ದು, ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದಳು. ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ನಮ್ಮ ಸೀಮೆಯವರಲ್ಲದವರಿಗೆ ಇದು ತಿಳಿಯುವುದು ಕಷ್ಟ. ನಮ್ಮಲ್ಲಿ ಹೊಲದ ಬದುವಿನ ಜಗಳವೇ ಆಗಲಿ, ದಾಯಾದಿಗಳ ಜಗಳವೇ ಆಗಲಿ, ಒಬ್ಬರು ಮಹದೇಶ್ವರನ, ನಮ್ಮ ಮಾದಪ್ಪನ, ಹೆಸರೆತ್ತಿ ಆಣೆ ಇಟ್ಟರೆ ಅಲ್ಲಿಗೆ ಮಾತು ನಿಲ್ಲಬೇಕು. ಆಮೇಲೆ ಕೇಳಿದರೆ ಕೇಳಿದವರದೇ ತಪ್ಪು. ಬಸ್ಸಿನಲ್ಲಿ ಅವ್ವ ಹೇಳಿದಳು: "ಆಯಪ್ಪನ್ನ ಮಧ್ಯುಕ್ ತಂದವ್ಳೆ. ಇನ್ ನೀನೂ ಕೇಳ್ಕೂಡ್ದು, ನಾನೂ ಕೇಳ್ಕೂಡ್ದು. ಕೇಳುದ್ರೆ ಮಾದಪ್ಪನ್ನೇ ನಂಬ್ನಿಲ್ಲ ಅಂದಂಗಾಯ್ತದೆ."

"ಅವಳು ಮಾತಿಗೆ ತಪ್ಪಿದರೆ?"

"ತಪ್ಪುದ್ರೆ ಅವ್ಳು ಉಂಟು, ಆಯಪ್ಪ ಉಂಟು."

ಆ ವಾರ ಹೋಯಿತು, ವರ್ಷವೂ ಹೋಯಿತು. ಅವ್ವ ಕೇಳಲಿಲ್ಲ. ನನ್ನ ಬಾಯಿಯನ್ನೂ ಕಟ್ಟಿಹಾಕಿದ್ದಳು. ಹೊರಗೆ ಗೇಟಿನ ಸದ್ದಾದರೆ ಮಾತ್ರ, "ಟೀಚರಮ್ಮನಾ?" ಅನ್ನುವಳು.

ಟೀಚರಮ್ಮ ಏನು ಮಾಡುತ್ತಿದ್ದರು ಗೊತ್ತಾ? ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗಿ ಹುಂಡಿಗೆ ತಪ್ಪು ಕಾಣಿಕೆ ಹಾಕಿ ಬರುತ್ತಿದ್ದರು. ಆಣೆ ತಪ್ಪಿದ್ದಕ್ಕೆ! ಬಂದು ನನ್ನ ಕೈಗೆ ಲಾಡು ಪ್ರಸಾದ ಇಟ್ಟು, "ತಪ್ಪಾಯ್ತಪ್ಪಾ ಅಂತ ಹೇಳ್ಕೊಂಡು ಬಂದೆ ಕಣ್ರೀ" ಅನ್ನುವರು. ಅದೇ ಬ್ಯಾಗಿನಲ್ಲಿ ಬೆಟ್ಟದ ಅಂಗಡಿಗಳಿಂದ ತಂದ ಹೊಸ ಮಣಿ ಸರಗಳು ಇಣುಕುತ್ತಿದ್ದವು. ಪ್ರಸಾದ, ಬಿಸಾಕುವ ಹಾಗಿಲ್ಲ. ನಾಲಿಗೆ ತುದಿಗೆ ಬಂದ ಬೈಗುಳವನ್ನು ಅದರ ಜೊತೆ ನುಂಗುತ್ತಿದ್ದೆ. ಕತ್ತರಿ ಹಾಕುವುದಕ್ಕಿಂತ ದೇವರಿಗೆ ದಂಡ ಕಟ್ಟುವುದು ಸುಲಭ ಅಂತ ಕಂಡುಕೊಂಡ ಹೆಂಗಸು! ಇಂಥ ಅಸಹ್ಯವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮೊಮ್ಮಗ ಸ್ಕೂಲಿಗೆ ಸೇರಿದ. ಯೂನಿಫಾರಂ ಹಾಕಿಕೊಂಡು ಮುತ್ತಜ್ಜಿಗೆ ತೋರಿಸಲು ಬಂದ. ಹಾಸಿಗೆ ಹಿಡಿದಿದ್ದ ಅವ್ವ ಅವನನ್ನು ಹತ್ತಿರ ಕರೆದು, ತಲೆಯ ಮೇಲೆ ಗೇಣು ಅಗಲಿಸಿ ಇಟ್ಟಳು. ಗೇಣು ಸಾಲಲಿಲ್ಲ. "ಬೆಳ್ದುಬುಟ್ಟ" ಅಂದಳು. ಆಮೇಲೆ ಗೇಟಿನ ಸದ್ದಾದರೂ ಕೇಳುವುದನ್ನು ಬಿಟ್ಟಳು. ಮುಂದಿನ ಬೇಸಿಗೆಯಲ್ಲಿ ಹೋದಳು.

ಮೇಡಂ ಮಣ್ಣಿಗೆ ಬಂದಿದ್ದರು. ಕಣ್ಣೊರೆಸಿಕೊಳ್ಳುತ್ತಾ ಅವ್ವನ ಕಾಲ ಬಳಿ ಕೂತರು. ಅವ್ವನಿಗೆ ನನ್ನದೊಂದು ರೇಷ್ಮೆ ಸೀರೆ ಹೊದಿಸಿದ್ದೆವು. ನೋಡ ನೋಡುತ್ತಿದ್ದಂತೆ ಅವರ ಕೈ ತಾನಾಗಿ ಮುಂದೆ ಬಂತು. ಹೆಬ್ಬೆರಳು, ತೋರುಬೆರಳು. ಹೆಣದ ಮೇಲಿನ ಬಟ್ಟೆಯನ್ನು ಉಜ್ಜಿ ನೋಡುತ್ತಿದ್ದರು! ನಾನು ಆ ಕೈಯನ್ನು ಕಿತ್ತು ಆಚೆ ತಳ್ಳಿದೆ. ಅದೇ ಕೊನೆ, ಆಮೇಲೆ ನಾವು ಮಾತಾಡಲಿಲ್ಲ. ಇಬ್ಬರೂ ರಿಟೈರ್ ಆದೆವು.

ಶ್ರದ್ಧಾಂಜಲಿ ಸಭೆ ಮುಗಿದ ಮಾರನೆಯ ದಿನ ಅವರ ಅಣ್ಣನ ಮಗ ಫೋನ್ ಮಾಡಿದ. "ಆಂಟಿ, ಅತ್ತೆ ಮನೆ ಖಾಲಿ ಮಾಡಿಸ್ತಿದ್ದೀನಿ. ನಿಮ್ಮದೇನೋ ಒಂದು ಇಲ್ಲಿದೆ ಅಂತ ಆಸ್ಪತ್ರೇಲಿ ಹೇಳ್ತಿದ್ರು." ಹೋದೆ. ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋದೆ. ಮೂಟೆ ಎಳೆದರೆ ಇಲಿ ಮರಿಗಳು ಉದುರುತ್ತಿದ್ದವು. ವೆಲ್ವೆಟ್ಟು ಮುಗ್ಗು ಹಿಡಿದು ಬೆರಳಿಗೆ ಅಂಟುತ್ತಿತ್ತು. ಬಣ್ಣದ ಟ್ಯೂಬು ಕಲ್ಲು, ಗೋಂದಿನ ಡಬ್ಬ ಕಲ್ಲು. ಜರಿ ಕಪ್ಪಗಾಗಿ ಹೋಗಿತ್ತು. ಪಾಪ, ಹುಡುಗ ಹೊರಗೆ ಹೋಗಿ ವಾಂತಿ ಮಾಡಿ ಬಂದ.

ಬಿಸ್ಕತ್ತಿನ ಡಬ್ಬ ಮಾತ್ರ ದೇವರ ಗೂಡಿನಲ್ಲಿ ಇತ್ತು. ತೆಗೆದೆ. ಅವ್ವನ ಬಟ್ಟೆ ಹೊಸದರಂತೆ ಇತ್ತು, ಒಂದು ಎಳೆಯೂ ಹಾಳಾಗಿರಲಿಲ್ಲ. ತಿರುವಿ ನೋಡಿದೆ. ಹಿಂಬದಿಯಲ್ಲಿ ದರ್ಜಿಗಳ ಸೀಮೆಸುಣ್ಣದ ಗೆರೆ. ಕುಲಾವಿಯ ಗೆರೆ. ಅದರಾಚೆ ಇನ್ನೊಂದು, ಸ್ವಲ್ಪ ದೊಡ್ಡದು. ಅದರಾಚೆ ಮತ್ತೊಂದು. ಅವ್ವ ಕಳಿಸಿದ ಒಂದೊಂದು ದಾರಕ್ಕೂ ಒಂದೊಂದು ಗೆರೆ ಎಳೆದಿದ್ದಾರೆ, ಎಂಥ ನಾಜೂಕು, ಎಲ್ಲೂ ಕೈ ಅಲುಗಿಲ್ಲ. ಕೊನೆಯ ಗೆರೆ ಬಟ್ಟೆಯ ಅಂಚು ಮುಟ್ಟಿತ್ತು, ಅದಕ್ಕಿಂತ ದೊಡ್ಡ ತಲೆಗೆ ಬಟ್ಟೆ ಸಾಲುತ್ತಿರಲಿಲ್ಲ.

ಅಂದರೆ ಪ್ರತಿ ಸಲವೂ ಕೂತಿದ್ದಾರೆ. ಕತ್ತರಿ ಹಿಡಿದಿದ್ದಾರೆ. ಕೆಳಗಿಟ್ಟಿದ್ದಾರೆ. ಅಯ್ಯೋ ಪಾಪ ಅನ್ನಿಸಬೇಕಿತ್ತು ನನಗೆ. ಅನ್ನಿಸಲಿಲ್ಲ. ಇನ್ನಷ್ಟು ಹೇಸಿಗೆಯಾಯಿತು. ಒಂದು ಮುದುಕಿಯ ಆಸೆಗಿಂತ ಒಂದು ಮೊಳ ಬಟ್ಟೆ ಹೆಚ್ಚಾಯಿತೇ ನಿಮಗೆ?

ವಿಷಯ ತಿಳಿದು ಮಗಳು ಹನೂರಿನಿಂದ ಬಂದಳು. ಬಟ್ಟೆ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮ, ಇದಕ್ಕೆ ಗಾಜಿನ ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕೋಣ. ಅಜ್ಜಿ ನೆನಪು ಕೊನೇತನಕ ಇರುತ್ತೆ" ಅಂದಳು.

"ಮುಚ್ಚೇ ಬಾಯಿ!" ಅಂದೆ. ಅವಳಿಗೆ ಗಾಬರಿಯಾಯಿತು. ಅಡುಗೆ ಮನೆಗೆ ಹೋಗಿ ಹಾಲಿನ ಪ್ಯಾಕೆಟ್ಟು ಕತ್ತರಿಸುವ ಕತ್ತರಿ ತಂದೆ. ನಮ್ಮ ಎದುರು ಮನೆಗೆ ಲೊಕ್ಕನಹಳ್ಳಿ ಕಡೆಯ ದಂಪತಿ ಬಾಡಿಗೆಗೆ ಬಂದಿದ್ದಾರೆ, ಎಳೇ ಹೆಣ್ಣು ಮಗು ಇದೆ. ಆ ಮಗುವಿನ ತಲೆ ಅಳೆದುಕೊಂಡು ಬಂದು, ಕತ್ತರಿ ಹಾಕಿದೆ. ರೇಷ್ಮೆ ಸರಕ್ಕನೆ ಸೀಳಿತು. ನನಗೆ ಹೊಲಿಗೆ ಅಷ್ಟಕ್ಕಷ್ಟೆ. ಒಂದು ಕಡೆ ಸೊಟ್ಟ, ಇನ್ನೊಂದು ಕಡೆ ಸುಕ್ಕು. ಆದರೂ ಅದು ಕುಲಾವಿ. ತಗೊಂಡು ಹೋಗಿ ಮಗುವಿನ ತಲೆಗಿಟ್ಟು, ಗದ್ದದ ಕೆಳಗೆ ದಾರ ಕಟ್ಟಿದೆ. ಮಗು ನನ್ನನ್ನು ನೋಡಿ ಬಾಯಿ ಅಗಲಿಸಿ, ಕುಡಿದಿದ್ದ ಹಾಲನ್ನೆಲ್ಲ ಕಕ್ಕಿತು. ಕೆನ್ನೆಯ ಮೇಲಿಂದ ಇಳಿದು ಜರಿಯೆಲ್ಲ ಒದ್ದೆ.

"ಅಯ್ಯೋ ಆಂಟಿ, ಇಂಥ ರೇಸ್ಮೆ!" ಅಂತ ಆ ಹುಡುಗಿ, ಮಗುವಿನ ತಾಯಿ, ಕೂಗಿಕೊಂಡಳು. "ಬಿಚ್ಚಿ ಒಗ್ದು ಎತ್ತಿಟ್ಬುಡ್ತೀನಿ ಕಣಿ. ಯಾವ್ದಾರ ಅಬ್ಬಕ್ಕೆ ಆಕಂಡ್ರಾಯ್ತು."

"ಎತ್ತಿಟ್ಟೀಯ, ನಿನ್ನ ಮನೆ ಬಾಗಿಲಲ್ಲಿ ನಿಂತು ಬೀದಿ ಕೇಳೋ ಹಾಗೆ ಜಗಳ ಆಡ್ತೀನಿ. ಒಗೆದು ಒಣಗಿಸಿ ಸಂಜೆಗೇ ಹಾಕು. ಹರಿಯೋ ತನಕ ಹಾಕು."

ಹುಡುಗಿ ನಕ್ಕು ಒಗೆದು ಹಾಕಿದಳು. ಮಧ್ಯಾಹ್ನ ಬಾಗಿಲಲ್ಲಿ ಕೂತು ನೋಡಿದೆ. ಎದುರು ಮನೆಯ ಹಗ್ಗದ ಮೇಲೆ, ಮಗುವಿನ ಉಚ್ಚೆ ಬಟ್ಟೆಗಳ ನಡುವೆ, ನಮ್ಮವ್ವ ನೇಯ್ದ ರೇಷ್ಮೆ ಒಣಗುತ್ತಿತ್ತು. ಅದನ್ನು ನೋಡಲು ಅವ್ವ ಇರಲಿಲ್ಲ.